ಕಣ್ಣು ಬರೆಯುವ ಹಾಡು

ಗುರುಬಾಯಿಗೆ ಕಿವಿ ಮಂದವಾಗಿತ್ತು. ಇದು ಅವಳೊಬ್ಬಳಿಗೇ ಗೊತ್ತು, ಸಾಯುವ ತನಕ ಹಾಗೇ ಇರಲಿ ಎಂಬುದು ಅವಳ ಹಟ. ಸಿಕಂದರಾಬಾದಿನ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡು ಎತ್ತುವವಳು ಅವಳೇ. ಕಿವಿ ಹೋಯಿತೆಂದು ಗೊತ್ತಾದರೆ ಏನಾಗುತ್ತದೆ? 'ಪಾಪ, ವಯಸ್ಸಾತು' ಅಂತ ಪ್ರಸಾದದ ಬಾಳೆಹಣ್ಣು ಹೆಚ್ಚಲು ಕೂಡಿಸುತ್ತಾರೆ, ಆ ಜಾಗಕ್ಕೆ ಸೊಸೆ ಶೈಲಶ್ರೀ ಬರುತ್ತಾಳೆ. ಸೊಸೆಯ ದನಿ ಚೆನ್ನಾಗಿತ್ತು, ಅದೇ ಸಂಕಟ. ಗುಟ್ಟು ಉಳಿಯಲೆಂದು ಗುರುಬಾಯಿ ಆ ಸೊಸೆಯ ಕೈಯ ತಾಳ ನೋಡುತ್ತಲೇ ಹಾಡುತ್ತಿದ್ದಳು. ತಾಳ ನಿಂತರೆ ತಾನೂ ನಿಲ್ಲಿಸುತ್ತಿದ್ದಳು. ಯಾರಿಗೂ ಸುಳಿವು ಸಿಕ್ಕಿರಲಿಲ್ಲ.

ಆದರೆ ಈ ಏಕಾದಶಿಗೆ ಹೊಸ ವಿಠ್ಠಲನ ಪಟಕ್ಕೆ ಕಣ್ಣು ಬರೆಯುವುದಿತ್ತು. ಚಿತ್ರಗಾರ ಹಣಮಂತರಾಯ ಉಳಿದದ್ದೆಲ್ಲ ಮುಗಿಸಿ ಕಣ್ಣು ಮಾತ್ರ ಬಿಟ್ಟಿದ್ದ. ಮಂಡಳಿಯ ಪದ್ಧತಿ ಭಾಳ ಖಡಕ್ಕು. ಹಾಡು ನಡೆದಿರುವಾಗಲೇ ಕಣ್ಣು ಬರೆಯಬೇಕು, ಹಾಡು ನಿಂತರೆ ಕುಂಚ ಎತ್ತಬೇಕು. ಒಂದು ಕಣ್ಣು ಉಳಿದರೂ ಪಟವನ್ನು ನೀರಿಗೆ ಬಿಡುವುದೇ. ಬರೆಯುವವನು ಬಾಯಿ ತೆರೆಯುವಂತಿಲ್ಲ. ದೇವರ ಮೊದಲ ನೋಟ ಯಾರ ಮೇಲೂ ಬೀಳಬಾರದೆಂದು ಹಾಡುವವರೆಲ್ಲ ಕಣ್ಣು ಮುಚ್ಚಬೇಕು. ಅಯ್ಯೋ, ಕಣ್ಣೂ ಮುಚ್ಚಿದರೆ ಗುರುಬಾಯಿಗೆ ಇನ್ನೇನು ಉಳಿಯಿತು!

ಕಣ್ಣು ಮುಚ್ಚಿ ಹಾಡು ಎತ್ತಿದಳು. ಕೊನೆಯ ಚರಣ ಮುಗಿದು ಪಲ್ಲವಿ ತಿರುಗಿತು, ಮತ್ತೆ ತಿರುಗಿತು. ಯಾರೋ ಸೆರಗು ಜಗ್ಗಿದರು. ಗಾಬರಿಯಿಂದ ಕಣ್ಣು ಬಿಟ್ಟಳು. ಎಲ್ಲರ ತಾಳಗಳೂ ತೊಡೆಯ ಮೇಲಿದ್ದವು. ಮುಚ್ಚಿದ ಕಣ್ಣಿನಲ್ಲೇ ಇಬ್ಬರು ಮುಸಿಮುಸಿ ನಗುತ್ತಿದ್ದರು. ಹಾಡು ಯಾವಾಗಲೋ ಮುಗಿದಿತ್ತು, ಹಾಡುತ್ತಿದ್ದವಳು ತಾನೊಬ್ಬಳೇ. ನಾಚಿಕೆಯಿಂದ ಮೈಯೆಲ್ಲ ಉರಿಯಿತು.

'ಮೈಮರತಿದ್ದೆನವ್ವಾ' ಅಂತ ನಕ್ಕು ನಿಲ್ಲಿಸಿದ್ದರೆ ಗುಟ್ಟು ಇನ್ನೂ ಉಳಿಯುತ್ತಿತ್ತು. ಅಷ್ಟರಲ್ಲಿ ಪಟ ಕಾಣಿಸಿತು. ವಿಠ್ಠಲನಿಗೆ ಒಂದೇ ಕಣ್ಣು! ಹಣಮಂತರಾಯನ ಮುದಿ ಕೈ ತಡಮಾಡಿತ್ತು, ಅವಳ ಹಾಡೂ ನಿಂತರೆ ಕುಂಚ ಎತ್ತಲೇಬೇಕು. ಅವನು ಅವಳನ್ನೇ ನೋಡುತ್ತಿದ್ದ, ಬೇಡುವವನ ಹಾಗೆ.

ನಗೋರು ನಗಲಿ, ಮೊದಲ ನೋಟ ನನ್ನ ಮೇಲೇ ಬಿದ್ದರೆ ಬೀಳಲಿ ಅಂದುಕೊಂಡು ಗುರುಬಾಯಿ ಪಲ್ಲವಿಯನ್ನು ಇನ್ನೂ ಜೋರಾಗಿ ಹಿಡಿದಳು. ತಾಳವಿಲ್ಲದ ಹಾಡು ಎತ್ತಲೋ ಹೋಗುತ್ತಿತ್ತು. ಹೋದರೂ ಬಿಡಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಆಗ ಮೊಣಕಾಲ ಮೇಲೆ ಒಂದು ಕೈ ಬಂತು. ಶೈಲಶ್ರೀ ಕಣ್ಣು ಮುಚ್ಚಿಕೊಂಡೇ ಅತ್ತೆಯ ಮೊಣಕಾಲಿನ ಮೇಲೆ ತಾಳ ತಟ್ಟತೊಡಗಿದ್ದಳು. ಇವಳಿಗೆ ತಿಳಿದುಹೋಯಿತಲ್ಲ ಎಂದು ಗುರುಬಾಯಿಯ ಎದೆ ಹಿಂಡಿತು. ಆದರೂ ಆ ಬಡಿತಕ್ಕೆ ಹಾಡು ಬಂದು ಕೂತಿತು. ಮಂಡಳಿಯೂ ಒಬ್ಬೊಬ್ಬರಾಗಿ ದನಿಗೂಡಿಸಿತು.

ಎರಡನೆಯ ಕಣ್ಣು ತೆರೆಯಿತು. ವಿಠ್ಠಲ ನೇರ ಗುರುಬಾಯಿಯನ್ನೇ ನೋಡಿದ.

"ಆತ್ರಿ ವೈನಿ, ಸಾಕು," ಅಂದ ಹಣಮಂತರಾಯ ಕುಂಚ ಎತ್ತಿ.

ಎಲ್ಲರೂ ಸುಮ್ಮನಾದರು. ಗುರುಬಾಯಿ ಮಾತ್ರ ವಿಠ್ಠಲನ ಕಣ್ಣಿನಲ್ಲೇ ಕಣ್ಣು ನೆಟ್ಟು ಹಾಡುತ್ತಲೇ ಇದ್ದಳು. ಈ ಸಲ ಯಾರೂ ನಗಲಿಲ್ಲ. ಮೊಣಕಾಲ ಮೇಲಿನ ಸೊಸೆಯ ಕೈ ಮೆಲ್ಲಗೆ ನಿಂತಾಗ ಅವಳೂ ನಿಲ್ಲಿಸಿದಳು.