ಉಗುರಿನಷ್ಟು ಮನೆ

ಆ ಗಲ್ಲಿಗೆ ಬರಲಿರುವ ಅಪಾರ್ಟ್‌ಮೆಂಟುಗಳ ಮರದ ಮಾದರಿಯನ್ನು ಮಾಡಿಕೊಟ್ಟವನು ಅಲ್ಲಿಯವನೇ ಆದ ಬಡಗಿ. ಅಳತೆ ಕೂಡುತ್ತದೋ ನೋಡೋಣವೆಂದು ಮೊದಲು ಅದೇ ಗಲ್ಲಿಯ ತನ್ನ ಅಕ್ಕನ ಮನೆಯನ್ನು ಉಗುರಿನಷ್ಟು ಕೆತ್ತಿ ಅದರ ಜಾಗದಲ್ಲೇ ಅಂಟಿಸಿದ್ದ. ಆಮೇಲೆ ಕೀಳುವುದನ್ನೇ ಮರೆತಿದ್ದ, ದಡ್ಡ ಶಿಖಾಮಣಿ! ಈಗ ತುಂಬಿದ ಸಭೆಯಲ್ಲಿ ಅದು ಕಾರು ನಿಲ್ಲಿಸುವ ಜಾಗದ ನಟ್ಟನಡುವೆ ಕೂತಿರುವುದನ್ನು ಆಗಷ್ಟೇ ಕಂಡ.

"ಯಾರ ಮನೆಯನ್ನೂ ಮುಟ್ಟಲ್ಲ ಕಣ್ರೀ, ನನ್ನ ಮಾತು ನಂಬಿ," ಎಂದು ಯೋಜನೆಯ ಅಧಿಕಾರಿ ಆಣೆ ಪ್ರಮಾಣ ಮಾಡುತ್ತಿದ್ದರು. ಗಲ್ಲಿಯ ಜನ ಅರ್ಧ ನಂಬಿಯೂ ಬಿಟ್ಟಿದ್ದರು.

ಅಷ್ಟರಲ್ಲಿ ಅಧಿಕಾರಿಯ ಕಣ್ಣು ಮಾದರಿಯ ಮೇಲೆ ಬಿತ್ತು. "ಇದೇನಪ್ಪಾ ಇಲ್ಲಿ?" ಎಂದವರೇ ಆ ಮನೆಯನ್ನು ಉಗುರಿನಿಂದ ಚಕ್ಕನೆ ಕಿತ್ತು ಕೆಳಗೆಸೆದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಬಡಗಿಯ ಅಕ್ಕ ಬಗ್ಗಿ ಅದನ್ನೆತ್ತಿಕೊಂಡಳು.

"ಹೇಳಿ ಸಾರ್," ಎಂದಳು. "ಯಾರ ಮನೆಯನ್ನೂ ಏನು ಮಾಡಲ್ಲ ಅಂದ್ರಿ?"