ಕಂಚಿನ ತಗಡಿಗೆ ಕೆಂಪು ಬಣ್ಣ

ತೂರೆಯನ್ನು ಮದುವೆಯಾಗುವ ಮೊದಲು ಯೋರ್ಡಿಸ್ ಹಾಕಿದ್ದು ಒಂದೇ ಷರತ್ತು. ಸಿಡಿಲಿಗೆ ಏನಾದರೂ ಉಪಾಯ ಮಾಡುವವರೆಗೆ ಅವನ ಹಾಯಿದೋಣಿಗೆ ಕಾಲಿಡುವುದಿಲ್ಲ. ಚಿಕ್ಕವಳಿದ್ದಾಗ ಅಪ್ಪನ ದೋಣಿಗೆ ಸಿಡಿಲು ಹೊಡೆದದ್ದನ್ನು ಅವಳು ದಡದಿಂದ ಕಂಡಿದ್ದಳು. ಅಪ್ಪ ಉಳಿದ, ಒಂದು ಕಿವಿ ಹೋಯಿತು. ಆಮೇಲೆ ಕೂದಲು ನರೆಯುವವರೆಗೂ ಅವಳು ಕಟ್ಟೆಯ ಮೇಲೆ ನಿಂತು ಬೇರೆಯವರಿಗೆ ಕೈಬೀಸಿದ್ದೇ ಬಂತು.

ತೂರೆ ಆಯುಷ್ಯವೆಲ್ಲ ವಿದ್ಯುತ್ ಕಂಬ ಹತ್ತಿದವನು. ಈ ಮಾತಿಗೆ ನಗಬಹುದಿತ್ತು, ನಗಲಿಲ್ಲ. ಚಳಿಗಾಲದಲ್ಲಿ ದೋಣಿ ಕ್ಲಬ್ಬಿನ ಅಂಗಳದಲ್ಲಿ ಟಾರ್ಪಾಲಿನೊಳಗೆ ತೂರಿಕೊಂಡು, ಹಾಯಿಕಂಬದ ಬುಡದಿಂದ ದಪ್ಪ ತಾಮ್ರದ ಕೇಬಲ್ ಎಳೆದ. ಎಲ್ಲೂ ಚೂಪಾಗಿ ತಿರುಗಿಸದೆ ಕೆಳಗಿಳಿಸಿ, ದೋಣಿಯ ತಳದ ಹೊರಮೈಗೆ ಬಿಗಿದ ಕಂಚಿನ ತಗಡಿಗೆ ಸೇರಿಸಿದ.

"ಮನೆಗೆ ಅರ್ಥಿಂಗ್ ಇರತ್ತಲ್ಲ, ಹಂಗೇ. ಮನೆಗೆ ನೆಲ, ಇದಕ್ಕೆ ಸಮುದ್ರ," ಎಂದು ಅಡುಗೆಮನೆಯಲ್ಲಿ ಕೂತು ಹೇಳಿದ್ದ. "ನಮ್ಮ ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆ. ಅದಕ್ಕೇ ದೊಡ್ಡ ತಗಡೇ ಹಾಕಿದೀನಿ. ಸಿಡಿಲು ಬಂದ್ರೆ ಸೀದಾ ನೀರಿಗೆ ಇಳಿಯತ್ತೆ, ನಿನ್ನ ತಂಟೆಗೆ ಬರಲ್ಲ."

ತಗಡನ್ನು ಅವಳು ನೋಡಿರಲಿಲ್ಲ. ಮಾತು ನಂಬಿದ್ದಳು, ಅಷ್ಟೇ.

ಮೇ ತಿಂಗಳಲ್ಲಿ ದೋಣಿಗಳನ್ನು ನೀರಿಗಿಳಿಸಲು ಕ್ಲಬ್ಬಿಗೆ ಕ್ರೇನ್ ಬರುವುದು ಒಂದೇ ದಿನ. ಅಂದು ತಯಾರಿಲ್ಲದ ದೋಣಿ ಬೇಸಿಗೆಯೆಲ್ಲ ನೆಲದ ಮೇಲೆ. ಕ್ರೇನ್ ಬರುವ ವಾರವೇ ತೂರೆಯ ಬೆನ್ನು ಹಿಡಿದುಕೊಂಡಿತು. ಅವನು ಹಾಸಿಗೆಯಲ್ಲಿ ಮಲಗಿ ನರಳುತ್ತಿದ್ದಾಗ ಯೋರ್ಡಿಸ್ ಅವನ ಹಳೆಯ ಮೇಲಂಗಿ ತೊಟ್ಟು, ದೋಣಿಯ ತಳಕ್ಕೆ ಪಾಚಿ ಹಿಡಿಯದಂಥ ಕೆಂಪು ಬಣ್ಣ ತಾನೇ ಬಳಿದಳು. ದೋಣಿ ನೀರಿಗಿಳಿಯಿತು. ಅವಳೂ ಹತ್ತಿದಳು.

ಜುಲೈನ ಒಂದು ಮಧ್ಯಾಹ್ನ ಅವರು ಜನವಸತಿಯಿಲ್ಲದ ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿದ್ದರು. ಬೇರೆ ದೋಣಿ ಇರಲಿಲ್ಲ. ದಕ್ಷಿಣದಲ್ಲಿ ಮೋಡ ಕಪ್ಪಾಗಿ ಎದ್ದಿತ್ತು. ಗುಡುಗು ಇನ್ನೂ ದೂರ. ಯೋರ್ಡಿಸ್ ಸಬ್ಬಸಿಗೆ ಸೊಪ್ಪು ಹಾಕಿ ಹೊಸ ಆಲೂಗಡ್ಡೆ ಬೇಯಿಸುತ್ತಿದ್ದಳು. ಅವಳ ಕೈ ನಡುಗುತ್ತಿರಲಿಲ್ಲ. ತೂರೆ ಅದನ್ನೇ ನೋಡುತ್ತಿದ್ದ.

"ಏನು ಹಂಗೆ ನೋಡ್ತೀಯ? ಆಲೂಗಡ್ಡೆ ನೋಡಿಲ್ವಾ?"

"ಗುಡುಗ್ತಾ ಇದೆ."

"ಗುಡುಗ್ಲಿ ಬಿಡು. ನಿನ್ನ ತಗಡು ಇದೆಯಲ್ಲ." ಅವಳು ಪಾತ್ರೆಯ ಮುಚ್ಚಳ ಎತ್ತಿ ನೋಡಿದಳು. "ಕೆಲಸ ಪೂರ್ತಿ ಮಾಡೋ ಅಭ್ಯಾಸ ಮಾತ್ರ ನಿಂಗಿಲ್ಲ ಕಣೋ. ತಳದಲ್ಲಿ ಒಂದು ಕಡೆ ಬಣ್ಣಾನೇ ಇರ್ಲಿಲ್ಲ. ಕಂದು ತೇಪೆ, ನಿನ್ನ ಬೋಳುತಲೆ ಥರ. ಚೆನ್ನಾಗಿ ಉಜ್ಜಿ ಎರಡು ಸಲ ಬಳಿದೆ. ಈಗ ಎಲ್ಲಿತ್ತು ಅಂತ ನಿಂಗೂ ಗೊತ್ತಾಗಲ್ಲ."

ತೂರೆ ದಕ್ಷಿಣದ ಮೋಡ ನೋಡಿದ. ಆ ತೇಪೆಯೇ ತಗಡು. ಅದಕ್ಕೆ ಬಣ್ಣ ತಾಕಬಾರದು, ಬರಿ ಲೋಹಕ್ಕೆ ನೀರು ತಾಗುತ್ತಿರಬೇಕು. ಮೋಡದಿಂದ ಗಾಳಿ ಸೀಳಿಕೊಂಡು ಬರುವ ಸಿಡಿಲಿಗೆ ತೆಳು ಬಣ್ಣ ಯಾವ ಲೆಕ್ಕ ಎಂದು ಒಂದು ಕ್ಷಣ ಅನ್ನಿಸಿತು. ಅಡ್ಡಿಯಾಗಲಿಕ್ಕಿಲ್ಲ. ಆದರೆ ಅದು ತನಗೆ ಖಚಿತವಿಲ್ಲ. ಹೇಳಿದರೆ ಈ ನಡುಗದ ಕೈ ಮತ್ತೆ ನಡುಗುತ್ತದೆ. ನಾಳೆ ಅವಳು ದಡ ಹತ್ತಿದವಳು ಮತ್ತೆ ಬರುವುದಿಲ್ಲ. ಹೇಳದಿದ್ದರೆ ಅವಳು ನಂಬಿ ಕೂತದ್ದು ಸುಳ್ಳಿನ ಮೇಲೆ.

ಅವನು ಎದ್ದು ಹೋಗಿ ಎರಡನೆಯ ಲಂಗರಿನ ಸರಪಳಿ ಬಿಚ್ಚತೊಡಗಿದ.

"ಅದ್ಯಾಕೆ?"

"ಹಾಯಿಕಂಬ ಬಿಗಿದಿರೋ ಉಕ್ಕಿನ ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡ್ತೀನಿ. ಹಳೇ ಮೀನುಗಾರರು ಹಿಂಗೇ ಮಾಡ್ತಿದ್ರು."

"ತಗಡು ಇದ್ದ ಮೇಲೆ ಸರಪಳಿ ಯಾಕೆ?"

ಅವನು ಬೆನ್ನು ಹಾಕಿಯೇ ನಿಂತಿದ್ದ. "ನೀನು ಬಳಿದೆಯಲ್ಲ ಯೋರ್ಡಿಸ್, ಅದೇ ತಗಡು. ಅದಕ್ಕೆ ಬಣ್ಣ ಹಚ್ಚಬಾರದು ಅಂತ ನಾನು ಹೇಳ್ಲಿಲ್ಲ. ತಪ್ಪು ನಂದು."

ಗುಡುಗು ಈಗ ಹತ್ತಿರ ಬಂದಿತ್ತು. ಅವಳು ಒಲೆ ಆರಿಸಿದಳು. ಅಳುತ್ತಾಳೆ ಎಂದು ಅವನು ಕಾದ.

"ಪೆದ್ದ ಮುಂಡೇದೆ, ಬೆನ್ನು ತೋರಿಸ್ಕೊಂಡು ಹೇಳೋ ಮಾತಾ ಇದು?" ಎಂದಳು. "ಒಂದು ಕಡೆ ಸಾಕಾ, ಎರಡೂ ಕಡೆ ಬೇಕಾ?"

"ಎರಡೂ ಕಡೆ ಇದ್ರೆ ಒಳ್ಳೇದು."

"ಮತ್ತೆ ಇನ್ನೊಂದು ಸರಪಳಿ ಎಲ್ಲಿ?"

ಪೆಟ್ಟಿಗೆಯಲ್ಲಿದ್ದ ಬಿಡಿ ಸರಪಳಿಯನ್ನು ಅವನು ತೆಗೆದುಕೊಟ್ಟ, ಅವಳೇ ಕಟ್ಟಿದಳು. ಬೆರಳು ನಡುಗಿ, ಸರಪಳಿ ಬಿಗಿಯುವ ಬೋಲ್ಟು ಒಮ್ಮೆ ಕೈಜಾರಿತು. ತೂರೆ ಪಾದ ಅಡ್ಡ ಇಟ್ಟು ಅದು ನೀರಿಗೆ ಬೀಳದಂತೆ ತಡೆದ. ಮಳೆ ಶುರುವಾಗುವ ಹೊತ್ತಿಗೆ ಸರಪಳಿಗಳು ಎರಡೂ ಬದಿಯಲ್ಲಿ ನೀರಿಗಿಳಿದಿದ್ದವು. ಇಬ್ಬರೂ ಒಳಗೆ, ಹಾಯಿಕಂಬದಿಂದ ದೂರ, ಯಾವ ಲೋಹಕ್ಕೂ ತಾಗದಂತೆ ಮುದುರಿ ಕೂತರು.

"ಏನನ್ನೂ ಹಿಡ್ಕೋಬೇಡ," ಎಂದ ಅವನು.

"ನಿನ್ನನ್ನ ಹಿಡ್ಕೋಬಹುದಾ?"

"ನಾನು ಕಬ್ಬಿಣ ಅಲ್ವಲ್ಲ."

ಅವಳು ಅವನ ತೋಳು ಹಿಡಿದಳು, ಉಗುರು ಚುಚ್ಚುವಷ್ಟು. ಸಿಡಿಲು ಎದುರು ದ್ವೀಪದ ಪೈನ್ ಮರಕ್ಕೆ ಹೊಡೆಯಿತು. ಅವಳು ಕೂಗಿಕೊಂಡಳು. ಅವನೂ ಕೂಗಿಕೊಂಡ. ಆಮೇಲೆ ಗುಡುಗು ಉತ್ತರಕ್ಕೆ ಸರಿದು, ಕಿಟಕಿಯಲ್ಲಿ ನಿಧಾನವಾಗಿ ಬೆಳಕು ಮೂಡಿತು.

ಆಲೂಗಡ್ಡೆ ಅರ್ಧ ಬೆಂದಿತ್ತು. ಹಾಗೇ ಹೆರಿಂಗ್ ಮೀನಿನ ಜೊತೆ ತಿಂದರು.

"ಮನೆಗೆ ಹೋಗೋಣ. ದೋಣಿ ಮೇಲೆತ್ತಿಸಿ ಬಣ್ಣ ಕೆರೀತೀನಿ," ಎಂದ ತೂರೆ.

"ಬೇಡ. ಶರತ್ಕಾಲಕ್ಕೆ ಹೇಗೂ ಮೇಲೆ ಬರತ್ತಲ್ಲ. ಬಳಿದವಳು ನಾನು, ಕೆರೆಯೋಳೂ ನಾನೇ." ಅವಳು ಹೊರಗೆ ಹೋಗಿ ಸರಪಳಿಗಳನ್ನು ಎಳೆದು ಬಕೆಟ್ಟಿಗೆ ತುಂಬಿದಳು. ಬಕೆಟ್ಟನ್ನು ಕೈಗೆಟುಕುವಂತೆ ಕಂಬದ ಪಕ್ಕ ಇಟ್ಟಳು. "ಹೊರಸಮುದ್ರದ ದ್ವೀಪಗಳಿಗೆ ಹೋಗೋಣ ಅಂದಿದ್ಯಲ್ಲ. ಲಂಗರು ಎತ್ತು."