ಬರಿದಾದ ಹಣಿಗೆ

ಮಕ್ತಲಿನ ದೊರೆಯ ಕಾರಭಾರಿ ಅಂಜಯ್ಯ ಹೊಸ್ತಿಲ ಆಚೆಯೇ ನಿಂತ. ಚಪ್ಪಲಿ ಬಿಡಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಎಳೆ ಹಾಯಿಸುವ ಹಣಿಗೆ ಒರೆಸುತ್ತ ಕೂತಿದ್ದ ಉರುಕುಂದಪ್ಪ ಮೊದಲು ನೋಡಿದ್ದು ಅವನ ಕೈಗಳನ್ನು. ನೂಲಿನ ಗಂಟೂ ಇಲ್ಲ, ಜರಿಯ ಪೆಟ್ಟಿಗೆಯೂ ಇಲ್ಲ.

“ಒಳಗ ಬರ್ರಿ ಅಂಜಯ್ಯನೋರ, ಹೊರಗ್ಯಾಕ ನಿಂತ್ರಿ?”

“ಬರಾಕ ಮುಖ ಇಲ್ಲಪ್ಪಾ. ಮದುವಿ ಮುರೀತು. ಬೀಗರು ನಿಜಾಮರ ಕಚೇರ್‍ಯಾಗ ದೊಡ್ಡ ಹುದ್ದೇದಾಗ ಇದ್ರಲ್ಲ, ಹಿಂದೂಸ್ತಾನದ ಮಿಲ್ಟ್ರಿ ಬಂದಾಗಿಂದ ಎಲ್ಲಿ ಅದಾರೋ ಸುದ್ದೀನ ಇಲ್ಲ. ನಮ್ಮ ದೊರಿಗೆ ತಮ್ಮ ಜಾಗೀರು ಉಳೀತದೋ ಇಲ್ಲೋ ಅನ್ನೋ ಚಿಂತಿ. ಸೀರಿ ಬ್ಯಾಡ ಅಂದಾರ.”

“ಬ್ಯಾಡ ಅಂದ್ರ ಹೆಂಗ್ರೀ? ಎಲಿ-ಅಡಿಕಿ ಕೊಟ್ಟಿದ್ರಲ್ರಿ!”

“ಕೊಟ್ಟಿದ್ವಿ. ಆಗ ರಾಜ್ಯಾನೂ ಬ್ಯಾರೆ ಇತ್ತು.”

ಅಷ್ಟೇ ಹೇಳಿ ಅಂಜಯ್ಯ ಮಕ್ತಲಿನ ದಾರಿ ಹಿಡಿದ. ಪಾಪ, ಅವನಾದರೂ ಏನು ಮಾಡಿಯಾನು, ಹೇಳಿ ಕಳಿಸಿದ್ದನ್ನು ಹೇಳುವ ಬಾಯಿ.

ಶ್ರಾವಣದಲ್ಲಿ ಇದೇ ಅಂಜಯ್ಯ ಒಳಗೆ ಬಂದು, ಚಾಪೆಯ ಮೇಲೆ ಕೂತು, ಮಜ್ಜಿಗೆ ಕುಡಿದು ಹೋಗಿದ್ದ. ಮಕ್ತಲಿನ ದೊರೆಯ ಮಗಳ ಮದುವೆ, ಸೀರೆಗಳೆಲ್ಲ ಉರುಕುಂದಪ್ಪನ ಕೈಯಿಂದಲೇ ಆಗಬೇಕು. ನೂಲು, ಜರಿ, ಹಣಿಗೆಗೆ ಎಳೆ ತುಂಬುವ ಆಳು, ಎಲ್ಲ ದೊರೆಯ ಕಡೆಯಿಂದ. ಹುಟ್ಟಿದಾಗಿನಿಂದ ನಾರಾಯಣಪೇಟೆಯ ಸಾವಕಾರ ಮೊಗುಲಪ್ಪನ ನೂಲನ್ನೇ ನೇಯ್ದವನಿಗೆ ತನ್ನ ಹೆಸರು ಕೇಳಿಕೊಂಡು ಬಂದ ಮೊದಲ ಕೆಲಸ ಅದು. ಏಳುವಾಗ ಅಂಜಯ್ಯ ಒಂದು ಮಾತು ಹೇಳಿದ್ದ: “ಮದುವಿ ಹಾಸು ಹಳೇ ಎಳಿಗೆ ಕಟ್ಟಬ್ಯಾಡಪ್ಪಾ.”

ನೇಕಾರ ಎಂದೂ ಹಣಿಗೆಯನ್ನು ಬರಿದು ಮಾಡುವುದಿಲ್ಲ. ಬರಿದಾದರೆ ಪ್ರತಿ ಹಲ್ಲಿನ ಸಂದಿಗೂ ಹೊಸದಾಗಿ ಎಳೆ ತುಂಬಿಸಲು ಕೂಲಿ ಕೊಟ್ಟು ಬೇರೆ ಆಳನ್ನೇ ಕರೆಸಬೇಕು. ಸೀರೆ ಮುಗಿದಾಗ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ಕೊನೆಯ ಗೇಣಷ್ಟು ಎಳೆಗಳನ್ನು ಹಣಿಗೆಯ ಹಲ್ಲುಗಳಲ್ಲೇ ಉಳಿಸಿರುತ್ತಾನೆ. ಹೊಸ ಹಾಸು ಬಂದಾಗ ಆ ತುದಿಗಳಿಗೆ ಒಂದೊಂದೇ ಎಳೆ ಗಂಟು ಹಾಕಿ ಎಳೆದುಕೊಂಡರೆ ಆಯಿತು. ಹೀಗೆ ಗಂಟಿಗೆ ಗಂಟು ಕೂಡುತ್ತ ಉರುಕುಂದಪ್ಪನ ಮಗ್ಗದಲ್ಲಿ ಅವನಪ್ಪನ ಕಾಲದಿಂದ ಎಳೆ ಕಡಿದಿರಲಿಲ್ಲ. ಆದರೆ ಆಗ ಹಣಿಗೆಯಲ್ಲಿ ಉಳಿದಿದ್ದದ್ದು ಗಂಡ ಸತ್ತವರು ಉಡುವ ಬಿಳಿ ಸೀರೆಯ ಎಳೆ. ಅದಕ್ಕೆ ಮದುವೆಯ ಹಾಸು ಕಟ್ಟುವುದೆಂದರೆ ಯಾರಿಗಾದರೂ ಮನಸ್ಸು ಅಳುಕೀತು.

ಅವನು ಕುಡುಗೋಲು ತೆಗೆದಾಗ ಹೆಂಡತಿ ನರಸಿಂಹಮ್ಮ ಅಡ್ಡ ಬಂದಿದ್ದಳು. “ನೂಲು ಮನಿಗೆ ಬರಲಿ, ಆಮ್ಯಾಲ ಕೊಯ್ಯಿರಿ. ಕೂಸು ಹುಟ್ಟಾಕ ಮೊದಲ ಯಾರಾನ ಕುಲಾವಿ ಹೊಲಸ್ತಾರೇನು?”

ಅವನು ನಕ್ಕು ಕೊಯ್ದೇಬಿಟ್ಟ. ಎಳೆಗಳನ್ನು ಅವಳ ಮಡಿಲಿಗೆ ಹಾಕಿ, ಮೊಗುಲಪ್ಪನ ಅಂಗಡಿಗೆ ಹೋಗಿ, “ಇನ್ನ ನಿಮ್ಮ ನೂಲು ಬ್ಯಾಡ್ರಿ ಸಾವಕಾರ್‍ರ” ಅಂತ ನಾಲ್ಕು ಜನರ ಮುಂದೆ ಹೇಳಿಯೂ ಬಂದ. ಬುದ್ಧಿ ಅಂದಮೇಲೆ ಕೆಡುವ ಗಳಿಗೆ ಬಂದೇ ಬರುತ್ತದಲ್ಲ!

ಈಗ ಅದೇ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ಕೈ ಮುಗಿದ. ಮೊಗುಲಪ್ಪ ಹಂಗಿಸಲಿಲ್ಲ. ಹಂಗಿಸಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

“ಸೊಲ್ಲಾಪುರದಿಂದ ನೂಲು ಬರೋದು ನಿಂತೈತಿ ಉರುಕುಂದಾ. ನಿನ್ನಿ ಒಂದು ಸಣ್ಣ ಹಾಸು ಉಳಿದಿತ್ತು, ಬಾಲಯ್ಯಗ ಕೊಟ್ಟೆ. ಅವನ ಹಣಿಗ್ಯಾಗ ತುದಿ ಇತ್ತು, ಇವತ್ತ ಕಟ್ಟಿ ನೇಯಾಕ ಕುಂತಾನ. ನಿನ್ನ ಹಣಿಗಿ ಬರಿದಾಗಿ ಬಿದ್ದೈತಂತ. ಅದಕ್ಕ ಎಳಿ ತುಂಬಸಾಕ ಆಳು ಎಲ್ಲಿಂದ ತರ್ಲಿ?”

“ಮುಂದಾದ್ರೂ…”

“ಮುಂದಿಂದು ಯಾರಿಗೆ ಗೊತ್ತಪ್ಪಾ? ರಸ್ತಾ ಕೆಲಸಕ್ಕ ಆಳು ಹಿಡೀತಾರಂತ ಗದ್ವಾಲ ಕಡಿಗೆ. ನಾನಾಗಿದ್ರ ಹೋಗ್ತಿದ್ದೆ.”

ಬರುವಾಗ ಬಾಲಯ್ಯನ ಮನೆಯಿಂದ ಲಾಳಿಯ ಸದ್ದು ಕೇಳಿತು. ಉರುಕುಂದಪ್ಪನಿಗೆ ಹೊಟ್ಟೆ ಉರಿಯಿತು. ಬಾಲಯ್ಯನ ಮೇಲಲ್ಲ, ಎಳೆ ಕೊಯ್ದ ತನ್ನ ಕೈಯ ಮೇಲೇ.

ಮನೆಗೆ ಬಂದವನೇ ಕೇಳಿದ: “ನರಸೀ, ಆ ಕೊಯ್ದ ಎಳಿ ಎಲ್ಲೈತಿ?”

ಅವಳು ದೇವರ ಗೂಡಿನ ಕಡೆ ನೋಡಿದಳು. “ಬತ್ತಿ ಹೊಸೆದೆ. ನಿಮ್ಮ ಹೊಸಾ ಕೆಲಸ ಚೊಲೋ ಆಗ್ಲಿ ಅಂತ ದಿನಾ ದೀಪಾ ಹಚ್ಚೀನಿ.”

ಗೂಡಿನಲ್ಲಿ ಹೊಸೆಯದೆ ಉಳಿದಿದ್ದ ಒಂದು ಹಿಡಿ ಎಳೆ ಅವಳೇ ತಂದುಕೊಟ್ಟಳು. ಅವನು ಕುಣಿಗೆ ಇಳಿದ. ಅವಳು ಹಣಿಗೆಯ ಆ ಬದಿಗೆ ಕೂತಳು.

“ಹಾಸು ಇಲ್ದ ಇದು ಯಾತಕ್ಕ್ರೀ?” ಅಂದಳು.

“ತುದಿ ಆದ್ರೂ ಇರಲಿ, ತಗೋ.”

ಅವನು ಎಳೆ ಚಾಚಿದ, ಅವಳು ಹಲ್ಲಿನ ಸಂದಿಯಿಂದ ಬೆರಳಲ್ಲಿ ಹಿಡಿದು ಎಳೆದಳು. ಮತ್ತೊಂದು ಚಾಚಿದ, ಎಳೆದಳು. ಆಳು ತುಂಬಿದಷ್ಟು ಸಾಫು ಆಗಲಿಲ್ಲ. ಗೇಣಗಲ ತುಂಬುವಷ್ಟರಲ್ಲಿ ಹಿಡಿ ಮುಗಿಯಿತು. ಅವನು ಬರಿಗೈ ಮುಂದೆ ಚಾಚಿದ. ಉಳಿದ ಹಲ್ಲುಗಳ ಸಂದಿಯಿಂದ, ಇನ್ನೊಂದು ಎಳೆಗಾಗಿ ಎತ್ತಿ ಹಿಡಿದ ನರಸಿಂಹಮ್ಮನ ಬೆರಳು ಕಾಣುತ್ತಿತ್ತು.